ಮಿಂಕಾಳ ಮನೆ ನೋಡಲು ಬಂದವರು

ಮಿಂಕಾ ದ್ರಾಗನೋವಾ ವಾರ್ನಾದಲ್ಲಿ ಟ್ರಾಲಿಬಸ್ ಓಡಿಸುತ್ತಿದ್ದಳು. ಹತ್ತೊಂಬತ್ತನೆಯ ವಯಸ್ಸಿಗೆ ದೊಬ್ರುಜಾದ ಗೋಧಿ ಹೊಲಗಳ ಕಡೆಯಿಂದ ಈ ಕಡಲೂರಿಗೆ ಬಂದವಳು, ನಲವತ್ತೇಳು ತುಂಬುವ ಹೊತ್ತಿಗೆ ಎಂಟು ಬಾಡಿಗೆ ಮನೆಗಳನ್ನು ಕಂಡಿದ್ದಳು. ಒಂದು ಮನೆಯಲ್ಲಿ ಒಡತಿ ಒಂದು ಕೋಣೆಗೆ ಬೀಗ ಜಡಿದುಕೊಂಡು ಹೋಗಿದ್ದಳು. ಅದರೊಳಗೆ ಏನಿದೆಯೆಂಬುದು ಮೂರು ವರ್ಷ ಅಲ್ಲೇ ಇದ್ದ ಮಿಂಕಾಗೆ ಕೊನೆಗೂ ತಿಳಿಯಲಿಲ್ಲ. ಇನ್ನೊಂದು ಮನೆಯ ಬೀರುವಿನಲ್ಲಿ ಮಾಲೀಕನ ತೀರಿಹೋದ ತಾಯಿಯ ಉಣ್ಣೆಯ ಕೋಟು ತೂಗಾಡುತ್ತಿತ್ತು. ಅದನ್ನು ಮುಟ್ಟಕೂಡದೆಂದು ಮೊದಲ ದಿನವೇ ಹೇಳಿದ್ದರು. ಅವಳು ತನ್ನ ಎರಡು ಫ್ರಾಕುಗಳನ್ನು ಆ ಕೋಟಿನ ಪಕ್ಕದಲ್ಲೇ ತೂಗುಹಾಕಿಕೊಂಡು ಎರಡು ಚಳಿಗಾಲ ಕಳೆದಳು.

ಗಂಡ ಸ್ತಮಾತ್ ನಾಲ್ಕನೆಯ ಮನೆಯಲ್ಲಿದ್ದಾಗ ಕಿತ್ತಳೆ ಕೀಳುವ ಕೆಲಸಕ್ಕೆಂದು ಸ್ಪೇನಿಗೆ ಹೋದ. ಮೊದಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ಹಬ್ಬಕ್ಕೊಂದು ಕಾರ್ಡು, ಕೊನೆಗೆ ವಕೀಲರ ವಿಚ್ಛೇದನದ ಕಾಗದ. ಅಷ್ಟರಲ್ಲಿ ಅವಳು ಐದನೆಯ ಮನೆಗೆ ಹೋಗಿಯಾಗಿತ್ತು. ಆ ಕಾಗದ ಹಳೆಯ ವಿಳಾಸಕ್ಕೆ ಹೋಗಿ, ಅಲ್ಲಿಂದ ಯಾರದೋ ಕೈದಾಟಿ, ಒಂದು ತಿಂಗಳು ತಡವಾಗಿ ಬಂದು ಸೇರಿತು. ಆ ಒಂದು ತಿಂಗಳು ಅವಳು ಗಂಡನಿರುವ ಹೆಂಗಸಿನಂತೆಯೇ ಬದುಕಿದ್ದಳು. ಮಕ್ಕಳಿರಲಿಲ್ಲ.

ಎಂಟನೆಯದು ಏಳನೇ ಮಹಡಿಯ ಮನೆ. ಸಿಮೆಂಟಿನ ಹಲಗೆಗಳನ್ನು ಜೋಡಿಸಿ ಕಟ್ಟಿದ ಹಳೆಯ ಕಟ್ಟಡ. ಒಂದು ಮಲಗುವ ಕೋಣೆ, ಒಂದು ನಡುಮನೆ, ಅಡುಗೆಮನೆ. ಅಡುಗೆಮನೆಯ ಬಾಲ್ಕನಿಯಿಂದ ಸ್ವಲ್ಪ ಬಾಗಿ ನೋಡಿದರೆ ಎರಡು ಕಟ್ಟಡಗಳ ಸಂದಿಯಲ್ಲಿ ಅಂಗೈಯಗಲದಷ್ಟು ಸಮುದ್ರ ಕಾಣುತ್ತಿತ್ತು. ಅಲ್ಲಿ ಅವಳು ಹನ್ನೊಂದು ವರ್ಷ ಇದ್ದಳು. ಮಾಲೀಕ ವೆಲಿಚ್ಕೊ ಹಡಗಿನಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ತಿಂಗಳ ಮೊದಲ ಭಾನುವಾರ ಬಾಡಿಗೆಗೆ ಬರುವನು, ನಿಂತೇ ಕಾಫಿ ಕುಡಿಯುವನು, ನಲ್ಲಿಗಳನ್ನು ತಿರುಗಿಸಿ ಕಿವಿಗೊಟ್ಟು ಕೇಳುವನು, ಹೊರಡುವನು. ಹನ್ನೊಂದು ವರ್ಷದಲ್ಲಿ ಅವನು ಒಮ್ಮೆಯೂ ಕುರ್ಚಿಯ ಮೇಲೆ ಕೂತವನಲ್ಲ.

ಎರಡು ಸಾವಿರದ ಒಂಬತ್ತರ ಅಕ್ಟೋಬರಿನಲ್ಲಿ ಕೂತ.

"ಮಾರ್ತಾ ಇದೀನಿ ಮಿಂಕಾ," ಎಂದ. "ಕೆಳಗಿನ ಮನೆ ಹೋದ ವರ್ಷ ಐವತ್ನಾಲ್ಕು ಸಾವಿರ ಯೂರೊಗೆ ಹೋಯ್ತು. ಅದಕ್ಕೆ ಸಮುದ್ರ ಕಾಣಲ್ಲ. ನಂದಕ್ಕೆ ಐವತ್ತೆಂಟು."

ಹೋದ ವರ್ಷ ಬೇರೆ, ಈ ವರ್ಷ ಬೇರೆ ಎನ್ನುವುದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಮಿಂಕಾಗೆ. ದಿನಕ್ಕೆ ಎಂಟು ಗಂಟೆ ಅದೇ ರಸ್ತೆಗಳಲ್ಲಿ ಹೋಗಿಬರುವವಳು. ಬೆಲೆ ಏರುತ್ತಿದ್ದ ಕಾಲದಲ್ಲಿ ಪರದೇಶದವರು ವಿಮಾನ ಇಳಿದು ಬಂದು ಮಧ್ಯಾಹ್ನದ ಊಟಕ್ಕೂ ಸಂಜೆಗೂ ನಡುವೆ ಮೂರು ಮನೆ ಕೊಂಡು ಹೋಗುತ್ತಿದ್ದರು. ಈಗ ಅವರ ಸುಳಿವಿಲ್ಲ. ಕಡಲ ಕಡೆಯ ಹೊಸ ಕಟ್ಟಡಗಳ ಬಾಲ್ಕನಿಗಳಿಗೆ 'ಮಾರಾಟಕ್ಕಿದೆ' ಎಂಬ ಬಟ್ಟೆಯ ಫಲಕ ಕಟ್ಟಿದ್ದರು. ಬಿಸಿಲಿಗೆ ಫೋನ್ ನಂಬರು ಅಳಿಸಿಹೋಗಿದ್ದರೂ ಯಾರೂ ಅದನ್ನು ಬದಲಿಸಿರಲಿಲ್ಲ. ಚಳಿಗಾಲದ ಸಂಜೆ ಐದು ಗಂಟೆಗೆ ಹತ್ತು ಮಹಡಿಯ ಕಟ್ಟಡದಲ್ಲಿ ಮೂರು ಕಿಟಕಿಗೆ ಬೆಳಕು. ಒಂದು ಕ್ರೇನು ಒಂದು ವರ್ಷದಿಂದ ಒಂದೇ ದಿಕ್ಕಿಗೆ ಮುಖಮಾಡಿ ನಿಂತಿತ್ತು. ಕೊಳ್ಳುವವರಿಲ್ಲ, ಆದರೂ ಕೇಳಿ ನೋಡಿದರೆ ಹೋದ ವರ್ಷದ್ದೇ ಬೆಲೆ. ಅಂಥ ಒಂದು ಕಟ್ಟಡದ ಎದುರು ಕೆಂಪು ದೀಪಕ್ಕೆ ನಿಲ್ಲಬೇಕಾಗಿ ಬಂದಾಗ ಮಿಂಕಾ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಪ್ರಯಾಣಿಕರು ಮುಂದಿನ ಕಾರಿನವನಿಗೆ ಬೈಯುತ್ತಿದ್ದಾಳೆಂದುಕೊಳ್ಳುತ್ತಿದ್ದರು.

ಬಾಡಿಗೆಯದೂ ಅದೇ ಕಥೆ. ಏರುವ ಕಾಲದಲ್ಲಿ ಎಲ್ಲ ಏರ್ತಾ ಇದೆಯಲ್ಲ ಎಂದು ವೆಲಿಚ್ಕೊ ಎರಡು ಸಲ ಹೆಚ್ಚಿಸಿದ್ದ. ಈಗ ಎಲ್ಲ ಇಳಿಯುತ್ತಿದೆಯಲ್ಲ ಎಂದು ಅವಳು ನೆನಪಿಸಿದ್ದಕ್ಕೆ, ಬಾಡಿಗೆಯೇ ಬೇರೆ ಬೆಲೆಯೇ ಬೇರೆ ಎಂದು ನಲ್ಲಿ ತಿರುಗಿಸಲು ಹೋಗಿದ್ದ.

ಆ ಭಾನುವಾರ ಅವಳು ಧೈರ್ಯ ಮಾಡಿ ತನ್ನ ಮಾತು ಹೇಳಿದಳು. ಅಪ್ಪನ ಹೊಲ ಮಾರಿ ಬಂದ ದುಡ್ಡಿನಲ್ಲಿ ತನ್ನ ಪಾಲು ಬ್ಯಾಂಕಿನಲ್ಲಿತ್ತು. ಮಿಕ್ಕಿದ್ದಕ್ಕೆ ಸಾಲ ಸಿಗುತ್ತದೆಂದು, ಕಂತು ಹೆಚ್ಚುಕಡಿಮೆ ಬಾಡಿಗೆಯಷ್ಟೇ ಆಗುತ್ತದೆಂದು ವಿಚಾರಿಸಿಕೊಂಡು ಬಂದಿದ್ದಳು. ಮೂವತ್ನಾಲ್ಕು ಸಾವಿರ ಕೊಡಬಲ್ಲೆ ಎಂದಳು.

ವೆಲಿಚ್ಕೊ ನಕ್ಕ. ಕೆಟ್ಟದಾಗಿ ನಗಲಿಲ್ಲ, ಮಗು ಏನೋ ಹೇಳಿತೆಂಬಂತೆ ನಕ್ಕ. "ಮೂವತ್ನಾಲ್ಕಕ್ಕೆ ಈ ಬಾಲ್ಕನಿ ಬಿಟ್ಟು ಮಿಕ್ಕಿದ್ದು ತಗೋ," ಎಂದು ಎದ್ದ.

ಮಾರಾಟವಾಗುವ ತನಕ ಇರಬಹುದು, ಆದರೆ ನೋಡಲು ಬಂದವರಿಗೆ ಬಾಗಿಲು ತೆರೆದು ತೋರಿಸಬೇಕು ಎಂದು ಒಪ್ಪಂದವಾಯಿತು. ಬ್ರೋಕರ್ ಹುಡುಗಿ ಸಿಲ್ವಿಯಾ ಬಂದು ಮನೆಯನ್ನೆಲ್ಲ ಕಣ್ಣಿನಲ್ಲೇ ಅಳೆದಳು. ಬಾಲ್ಕನಿಯಲ್ಲಿದ್ದ ಉಪ್ಪಿನಕಾಯಿ ಜಾಡಿಗಳನ್ನು ಮಂಚದ ಕೆಳಗಿಡಬೇಕೆಂದೂ, ಒಗೆದ ಬಟ್ಟೆ ಕಾಣಬಾರದೆಂದೂ ಹೇಳಿದಳು. ಮುಜುಗರಪಟ್ಟುಕೊಂಡು ಇನ್ನೊಂದು ಮಾತು ಸೇರಿಸಿದಳು: "ನೀವೂ ಒಂದು ಮೂಲೇಲಿ ಇದ್ಬಿಡಿ ಮಿಂಕಾ ಅಕ್ಕಾ. ಬಾಡಿಗೆಯವರು ಕಂಡ್ರೆ ಮನೆ ಚಿಕ್ಕದಾಗಿ ಕಾಣುತ್ತೆ."

ಹೀಗೆ ಜನ ಬರತೊಡಗಿದರು. ಹನ್ನೊಂದು ವರ್ಷದಲ್ಲಿ ಆ ಮನೆಗೆ ಬಂದವರನ್ನೆಲ್ಲ ಕೂಡಿಸಿದರೂ ಆ ಒಂದು ತಿಂಗಳಲ್ಲಿ ಬಂದವರಷ್ಟಿರಲಿಲ್ಲ. ಒಲೆಯ ಬಾಗಿಲು ತೆರೆದು ನೋಡಿದರು, ಗೋಡೆಗೆ ಬೆರಳಿನಿಂದ ಕುಟ್ಟಿದರು, ಅವಳ ಹಾಸಿಗೆ ಇರುವ ಜಾಗದಲ್ಲಿ ಏನಿಡಬಹುದೆಂದು ಅವಳೆದುರಿಗೇ ಮಾತಾಡಿಕೊಂಡರು. ಯಾರೂ ಅವಳ ಹೆಸರು ಕೇಳಲಿಲ್ಲ. ಮನೆಯ ಬಗ್ಗೆ ಕೇಳಿದವರಿಗೆ ಅವಳು ಸುಳ್ಳು ಹೇಳುತ್ತಿರಲಿಲ್ಲ: ಹೌದು, ಬಡಗಣ ಗೋಡೆಗೆ ಫೆಬ್ರವರಿಯಲ್ಲಿ ತೇವ ಬರುತ್ತದೆ, ಹೌದು, ಲಿಫ್ಟು ಆಗಾಗ ಐದನೇ ಮಹಡಿಗೇ ನಿಂತುಬಿಡುತ್ತದೆ. ಅವರು ಬೆಲೆ ಕೇಳಿ, ಒಬ್ಬರ ಮುಖ ಒಬ್ಬರು ನೋಡಿ, ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಬಾಗಿಲು ಮುಚ್ಚಿದ ಮೇಲೆ ಅವಳು ಜಾಡಿಗಳನ್ನು ಮಂಚದ ಕೆಳಗಿಂದ ತೆಗೆದು ಬಾಲ್ಕನಿಗೆ ಸಾಗಿಸುವಳು. ತಮಾಷೆಯೆಂದರೆ, ಯಾರೂ ಬರದ ವಾರ ಅವಳಿಗೆ ಇನ್ನಷ್ಟು ಬೇಸರವಾಗುತ್ತಿತ್ತು.

ನವೆಂಬರ್ ಹನ್ನೊಂದು ಸಂತ ಮಿನಾನ ದಿನ, ಆ ಸಂತನ ಹೆಸರು ಹೊತ್ತ ಮಿಂಕಾಳ ಹೆಸರಿನ ಹಬ್ಬ. ಹೆಸರಿನ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ನೆನಪಿದ್ದವರು ತಾವಾಗಿ ಬರಬೇಕು. ಆದ್ದರಿಂದ ಯಾರು ಬಂದಾರೆಂದು ಗೊತ್ತಿಲ್ಲದೆ ಮನೆಯವರು ಸಿದ್ಧವಾಗಿರಬೇಕು. ಅವಳು ಪ್ರತಿ ವರ್ಷ ಕುಂಬಳಕಾಯಿ ಹೂರಣವಿಟ್ಟ ಬಾನಿತ್ಸಾ ಎಂಬ ಪದರದ ತಿಂಡಿ ಒಂದು ದೊಡ್ಡ ತಟ್ಟೆ ಸುಡುತ್ತಿದ್ದಳು. ಹೋದ ಮೂರು ವರ್ಷ ಅದನ್ನು ಮಾರನೆಯ ದಿನ ಡಿಪೋಗೆ ಒಯ್ದು ಹಂಚಿದ್ದಳು. ಆ ದಿನ ಮಧ್ಯಾಹ್ನ ನಾಲ್ಕಕ್ಕೆ ಬಾಗಿಲಿನ ಗಂಟೆ ಸದ್ದು ಮಾಡಿತು. ಹಳೆಯದಾದರೂ ಚೆನ್ನಾಗಿ ಇಸ್ತ್ರಿ ಮಾಡಿದ ಕೋಟು ತೊಟ್ಟ ಎಪ್ಪತ್ತರ ಆಸುಪಾಸಿನ ಮನುಷ್ಯ. ಹೆಸರು ಎವ್ತಿಮ್, ಭೂಮಾಪನ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದವನು. ಸಿಲ್ವಿಯಾ ಕಳಿಸಿದಳು, ಮನೆ ನೋಡಬಹುದೇ ಎಂದ.

ಅವನು ಗೋಡೆ ಕುಟ್ಟಲಿಲ್ಲ. ಬೆಲೆ ಕೇಳಲಿಲ್ಲ. ಅಡುಗೆಮನೆಯ ನಡುವೆ ನಿಂತು, "ಇಲ್ಲಿ ಬಿಸಿಲು ಎಷ್ಟೊತ್ತಿಗೆ ಬರುತ್ತೆ?" ಎಂದು ಕೇಳಿದ.

ಚಳಿಗಾಲದಲ್ಲಿ ಹತ್ತಕ್ಕೆ, ಬೇಸಿಗೆಯಲ್ಲಿ ಆರೂವರೆಗೇ ಮೇಜಿನ ಮೇಲಿರುತ್ತದೆ ಎಂದಳು. ಅವನು ಅದನ್ನು ಒಂದು ಚೀಟಿಯ ಮೇಲೆ ಬರೆದುಕೊಂಡ. ಆಮೇಲೆ ಮೇಜಿನ ಮೇಲಿದ್ದ ತಟ್ಟೆಯ ಮೇಲೆ, ತೊಳೆದಿಟ್ಟ ಆರು ಕಪ್ಪುಗಳ ಮೇಲೆ ಕಣ್ಣು ಹೋಯಿತು. ಇವತ್ತು ತಾರೀಕು ಎಷ್ಟೆಂದು ಯೋಚಿಸಿ, ಅವಳ ಹೆಸರು ಕೇಳಿದ. ಕೇಳಿದ ಕೂಡಲೇ ಅವನ ಮುಖ ಕೆಂಪಾಯಿತು.

"ಛೆ, ಹಬ್ಬದ ಮನೆಗೆ ಬರಿಗೈಲಿ ಬಂದ್ಬಿಟ್ಟೆ ನೋಡಿ."

"ಬಂದ್ರಲ್ಲ, ಅಷ್ಟು ಸಾಕು. ಕೂತ್ಕೊಳಿ," ಎಂದಳು ಮಿಂಕಾ.

ಅವನು ಎರಡು ತುಂಡು ತಿಂದ. ಮುಂದಿನ ಶನಿವಾರ ಮತ್ತೆ ಬಂದ. ಮಲಗುವ ಕೋಣೆ ಸರಿಯಾಗಿ ನೋಡಿರಲಿಲ್ಲವಂತೆ. ಅದರ ಮುಂದಿನ ಶನಿವಾರ ಅಳತೆ ಟೇಪು ತಂದ. ಕೈಯಲ್ಲಿ ಒಂದು ಪೊಟ್ಟಣ ಸುಟ್ಟ ಚೆಸ್ಟ್‌ನಟ್ ಇತ್ತು. ಬಾಗಿಲುಗಳ ಅಗಲ ಅಳೆದು ಮುಗಿಸಲು ಐದು ನಿಮಿಷ ಹಿಡಿದರೆ ಕಾಫಿಗೆ ಒಂದು ಗಂಟೆ. ಅವಳು ಟ್ರಾಲಿಬಸ್ಸಿನ ಕಂಬಿ ಮೇಲಿನ ವಿದ್ಯುತ್ ತಂತಿಯಿಂದ ಜಾರಿದಾಗ ಮಳೆಯಲ್ಲಿಳಿದು ಅದನ್ನು ಮತ್ತೆ ಸಿಕ್ಕಿಸುವ ಪಾಡು ಹೇಳಿದಳು. ಅವನು ನಕ್ಷೆಯಲ್ಲಿ ತಾನು ತಪ್ಪಾಗಿ ಎಳೆದ ಒಂದು ಗೆರೆಯಿಂದ ಇಬ್ಬರು ಅಣ್ಣತಮ್ಮಂದಿರು ಹತ್ತು ವರ್ಷ ಕೋರ್ಟಿಗೆ ಅಲೆದದ್ದನ್ನು ಹೇಳಿದ. ಶುಕ್ರವಾರ ಡ್ಯೂಟಿ ಮುಗಿಸಿ ಬರುವಾಗ ಮಿಂಕಾ ಒಳ್ಳೆಯ ಕಾಫಿಪುಡಿ ಕೊಂಡು ತರುವುದು ರೂಢಿಯಾಯಿತು.

ಜನವರಿಯಲ್ಲಿ ಸಿಲ್ವಿಯಾ ಒಬ್ಬಳೇ ಬಂದಳು. ಜಾಹೀರಾತಿಗೆ ಹೊಸ ಫೋಟೋ ಬೇಕಿತ್ತು. ಹೋಗುವಾಗ, ಆ ಮುದುಕರು ಇನ್ನೂ ಬರುತ್ತಿದ್ದಾರೆಯೇ ಎಂದು ವಿಚಾರಿಸಿದಳು. ಊರಿನ ಬ್ರೋಕರುಗಳಿಗೆಲ್ಲ ಅವನು ಗೊತ್ತಂತೆ. ಎರಡು ವರ್ಷದಿಂದ ಮನೆ ನೋಡುತ್ತಲೇ ಇದ್ದಾನೆ, ನೂರಾರು ನೋಡಿದ್ದಾನೆ, ಒಂದನ್ನೂ ಕೊಂಡಿಲ್ಲ, ಕೊಳ್ಳುವುದೂ ಇಲ್ಲ. "ಸುಮ್ನೆ ನಿಮ್ಮ ಕಾಫಿ ದಂಡ ಅಕ್ಕಾ," ಎಂದಳು.

ಮಿಂಕಾಗೆ ಮೈ ಉರಿಯಿತು. ಈ ಮನುಷ್ಯನಿಗಾಗಿ ತಾನು ಶನಿವಾರ ಶನಿವಾರ ನೆಲ ಒರೆಸಿದ್ದಳಲ್ಲ. ನೂರು ಮನೆಗಳಲ್ಲಿ ತನ್ನದೂ ಒಂದು; ನೂರು ಕಡೆ ಕಾಫಿ ಕುಡಿದಿರಬೇಕು, ನೂರು ಕಡೆ ಬಿಸಿಲಿನ ಗಂಟೆ ಬರೆದುಕೊಂಡಿರಬೇಕು. ಆ ಶನಿವಾರ ಅವನು ಬಂದಾಗ ಅವಳು ಕೂರಲು ಹೇಳಲಿಲ್ಲ.

"ನೀವು ಕೊಳ್ಳೋರಲ್ಲ, ಅಲ್ವಾ?"

ಎವ್ತಿಮ್ ಟೋಪಿ ಕೈಯಲ್ಲಿ ಹಿಡಿದು ನಿಂತ. "ಅಲ್ಲ," ಎಂದ.

"ಮತ್ಯಾಕೆ ಬರ್ತೀರಿ?"

"ಸುಮ್ನೆ ಗಂಟೆ ಬಾರಿಸಿದ್ರೆ ಯಾರು ಒಳಗೆ ಬಿಟ್ಕೋತಾರೆ? ಮನೆ ನೋಡೋಕೆ ಬಂದೆ ಅಂದ್ರೆ ಯಾರೂ ಬಾಗಿಲಲ್ಲೇ ನಿಲ್ಸಲ್ಲ."

"ನಿಮ್ಗೆ ಸ್ವಂತ ಮನೆ ಇರ್ಬೇಕು. ಇಲ್ದೇ ಇರೋರ ಮನೇಲಿ ಬಂದು ಕೂತ್ಕೊಂಡು ಹೊತ್ತು ಕಳೀತೀರಲ್ಲ, ನಾಚಿಕೆ ಆಗಲ್ವಾ?"

ತನಗೂ ಸ್ವಂತ ಮನೆ ಇಲ್ಲವೆಂದು ಅವನು ಹೇಳಿದ. ನಂಬದೆ ನೋಡುತ್ತಿದ್ದ ಅವಳೆದುರು ನಿಂತೇ ಎಲ್ಲ ಹೇಳಿದ. ಅವನಿಗೂ ಹೆಂಡತಿ ರಾದಾಗೂ ಊರಿನ ನಡುವೆ ಮೂರು ಕೋಣೆಯ ಮನೆಯಿತ್ತು. ಬೆಲೆ ಮುಗಿಲಿಗೇರಿದ ವರ್ಷ, ಇದು ನಿಲ್ಲುವಂಥದ್ದಲ್ಲ ಎಂದು ಲೆಕ್ಕ ಹಾಕಿ ಅದನ್ನು ಮಾರಿದರು. ಎರಡು ವರ್ಷ ಬಾಡಿಗೆಗಿದ್ದು, ಬೆಲೆ ಇಳಿದ ಮೇಲೆ ಕಡಲ ಹತ್ತಿರ ಬಿಸಿಲಿರುವ ಒಂದು ಚಿಕ್ಕ ಮನೆ ಕೊಳ್ಳುವುದೆಂದು ಇಬ್ಬರೂ ಸೇರಿ ತೀರ್ಮಾನಿಸಿದ್ದು. ಪರಿಚಯದವರೆಲ್ಲ ಅವನ ಬುದ್ಧಿಗೆ ತಲೆದೂಗಿದ್ದರು. ಶನಿವಾರ ಇಬ್ಬರೂ ಮನೆ ನೋಡಲು ಹೋಗುವರು. ಹೋದಲ್ಲೆಲ್ಲ ರಾದಾ ಅಡುಗೆಮನೆಗೆ ಬಿಸಿಲು ಯಾವಾಗ ಬರುತ್ತದೆಂದು ಕೇಳುವಳು.

"ಇಳೀಲಿ ಇಳೀಲಿ ಅಂತ ಕಾದ್ವಿ," ಎಂದ ಎವ್ತಿಮ್. "ಇಳೀತು. ಅಷ್ಟೊತ್ತಿಗೆ ಅವಳಿರ್ಲಿಲ್ಲ. ಈಗ ದುಡ್ಡು ಬ್ಯಾಂಕಲ್ಲಿದೆ, ನಾನು ಬಾಡಿಗೆ ಕೋಣೇಲಿದೀನಿ. ಒಬ್ಬನಿಗೆ ಅಂತ ಮನೆ ತಗೊಳ್ಳೋಕೆ ಕೈ ಬರ್ತಾ ಇಲ್ಲ."

ಎಷ್ಟೋ ವರ್ಷದಿಂದ ಇದೇ ಬೆಲೆ ಇಳಿಯಲೆಂದು ಕಾದು ಕೂತವಳು ಮಿಂಕಾ. ಅವಳ ಸಿಟ್ಟು ಎಲ್ಲಿ ಹೋಯಿತೋ. ಕುರ್ಚಿ ಎಳೆದು ಕೊಟ್ಟಳು. ಕಾಫಿ ಮಾಡಿ ಮೇಜಿನ ಮೇಲಿಟ್ಟಳು. ಅದು ಅಲ್ಲೇ ಆರಿಹೋಯಿತು.

ಮುಂದಿನ ಶನಿವಾರ ಅವನು ಕೋಟು ಕಳಚುವ ಮುಂಚೆಯೇ, ಬಾಯಿಪಾಠ ಮಾಡಿಕೊಂಡು ಬಂದವನಂತೆ ಒಂದು ಮಾತು ಹೇಳಿದ. ಈ ಮನೆಯನ್ನು ತಾನು ಕೊಳ್ಳುವುದು, ಅವಳು ಇಲ್ಲೇ ಇರುವುದು, ತಾನು ತನ್ನ ಕೋಣೆಯಲ್ಲೇ ಇರುವುದು. ಅವಳು ತಪ್ಪು ತಿಳಿಯಬಾರದು. ಶನಿವಾರ ಬರಲು ಒಂದು ಮನೆ ಇದ್ದರೆ ಅವನಿಗೆ ಸಾಕು.

"ಬಾಡಿಗೆ ಎಷ್ಟು?" ಎಂದು ಕೇಳಿದಳು ಮಿಂಕಾ.

"ನೀವು ಹೇಳಿದಷ್ಟು."

"ಹಾಗಂದ್ರೆ ಕಮ್ಮಿ ಹೇಳ್ತೀನಿ," ಎಂದಳು. ಇಬ್ಬರೂ ನಕ್ಕರು. ಆದರೂ ಅವಳು ಎರಡು ದಿನ ಗಡುವು ಕೇಳಿದಳು. ಆ ಎರಡು ದಿನ ಬಸ್ಸು ಓಡಿಸುತ್ತ ಅವಳು ಬೇರೇನನ್ನೂ ಯೋಚಿಸಲಿಲ್ಲ. ಇನ್ನೊಬ್ಬರ ಮನೆಯಲ್ಲೇ ಮುದುಕಿಯಾಗುವುದು ತಪ್ಪಲಿಲ್ಲವಲ್ಲ ಎಂದು ಒಂದು ಕಡೆ ಚುಚ್ಚುತ್ತಿತ್ತು. ಇನ್ನೊಂದು ಕಡೆ, ತಾನು ಕಾಯಿಲೆ ಬಿದ್ದು ಬಾಗಿಲು ತೆರೆಯದಿದ್ದರೆ ಅದು ಯಾರಿಗಾದರೂ ಶನಿವಾರಕ್ಕಾದರೂ ಗೊತ್ತಾಗುತ್ತದೆ. ಸೋಮವಾರ ಸಂಜೆ ಅವನಿಗೆ ಫೋನು ಮಾಡಿ ಆಗಲಿ ಎಂದಳು.

ಎವ್ತಿಮ್ ಮೂವತ್ತೆಂಟು ಸಾವಿರ ಕೊಡಲು ಮುಂದಾದ. ಊರಿನಲ್ಲಿ ಆ ತಿಂಗಳು ಅಂಥ ಮನೆಗೆ ಅದಕ್ಕಿಂತ ಹೆಚ್ಚು ಯಾರೂ ಕೊಡುತ್ತಿರಲಿಲ್ಲ; ಸಿಲ್ವಿಯಾ ಅದನ್ನೇ ವೆಲಿಚ್ಕೊಗೆ ಬಿಡಿಸಿ ಹೇಳಿದಳು. ಅವನು ಅಷ್ಟರಲ್ಲಿ ಐವತ್ತೆಂಟರಿಂದ ಐವತ್ತೈದಕ್ಕೆ ಇಳಿದಿದ್ದ. ಆ ಮೂರು ಸಾವಿರ ಬಿಟ್ಟದ್ದೇ ಅವನಿಗೆ ಹಲ್ಲು ಕಿತ್ತಷ್ಟು ನೋವಾಗಿತ್ತು. ಆ ಮನೆಯಿಂದಾಗಿ ಎರಡು ವರ್ಷದಿಂದ ಕೆಫೆಯಲ್ಲಿ ಹಳೆಯ ಹಡಗಿನ ಗೆಳೆಯರ ನಡುವೆ ಅವನು ಸಾಹುಕಾರನೆನಿಸಿಕೊಂಡಿದ್ದ. ಮೂವತ್ತೆಂಟಕ್ಕೆ ಸಹಿ ಹಾಕಿದರೆ ಆ ಸಾಹುಕಾರಿಕೆ ಒಂದೇ ದಿನದಲ್ಲಿ ಹೋಗುತ್ತಿತ್ತು.

ಅವನು ತಿಂಗಳ ಮೊದಲ ಭಾನುವಾರದ ತನಕವೂ ಕಾಯದೆ ಬಂದ. ನಲ್ಲಿ ತಿರುಗಿಸಲಿಲ್ಲ.

"ನೀನೂ ಆ ಮುದುಕನೂ ಸೇರ್ಕೊಂಡು ಬೆಲೆ ಕೆಡಿಸ್ತಾ ಇದೀರಾ? ಬಂದೋರಿಗೆಲ್ಲ ತೇವ, ಲಿಫ್ಟು ಅಂತ ಹೇಳಿದ್ದು ನೀನೇ ಅಂತೆ."

"ಕೇಳಿದ್ರು, ಹೇಳ್ದೆ. ತೇವ ಇರೋದು ಸುಳ್ಳಾ?"

"ನೀನು ಇರೋವರ್ಗೂ ಇದು ಮಾರಾಟ ಆಗಲ್ಲ. ಮೇ ತಿಂಗಳಿಗೆ ಖಾಲಿ ಮಾಡು. ಖಾಲಿ ಮನೆಗೇ ಒಳ್ಳೆ ಬೆಲೆ ಬರೋದು. ನಾನು ಕಾಯ್ತೀನಿ, ನನಗೇನು ಅವಸರ? ಒಂದ್ಸಲ ಏರಿದ್ದು ಮತ್ತೆ ಏರದೇ ಇರುತ್ತಾ?"

ಹನ್ನೊಂದು ವರ್ಷ ಒಂದು ತಿಂಗಳೂ ತಡಮಾಡದೆ ಬಾಡಿಗೆ ಕೊಟ್ಟದ್ದನ್ನು ಅವಳು ಹೇಳಬಹುದಿತ್ತು. ಆದರೆ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹೋಗುವಾಗ ಬಾಲ್ಕನಿಗೆ ಹೋಗಿ, ಸಮುದ್ರ ಅಲ್ಲೇ ಇದೆಯೇ ಎಂದು ಬಾಗಿ ನೋಡಿಕೊಂಡು ಹೋದ.

ಮೇ ತಿಂಗಳಲ್ಲಿ ಮಿಂಕಾ ಸೇತುವೆಯಾಚೆಯ ಅಸ್ಪರುಹೊವೊದಲ್ಲಿ ಒಂದೇ ಕೋಣೆಯ ಮನೆ ಹಿಡಿದಳು. ಸಾಮಾನು ಸಾಗಿಸಲು ಡಿಪೋದ ಇಬ್ಬರು ಬಂದರು. ಎವ್ತಿಮ್ ಬಂದು, ಭಾರ ಎತ್ತಲಾಗದೆ, ಲಿಫ್ಟಿನ ಬಾಗಿಲು ಹಿಡಿದು ನಿಂತಿದ್ದ. ತನ್ನ ಮಾತಿನಿಂದಲೇ ಅವಳು ಮನೆ ಬಿಡಬೇಕಾಯಿತೆಂಬುದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹಾಗಲ್ಲವೆಂದು ಅವಳು ಎಷ್ಟು ಹೇಳಿದರೂ ಹೋಗಲಿಲ್ಲ. ಬೇರೆ ಯಾವುದಾದರೂ ಮನೆ ಕೊಂಡು ಹಾಗೇ ಮಾಡೋಣವೆಂದು ಅವಳೇ ಒಮ್ಮೆ ಬಾಯಿಬಿಟ್ಟು ಹೇಳಿದಳು. ನೋಡೋಣ ಎಂದ. ಹೊಸ ಕೋಣೆಗೆ ಎರಡು ಶನಿವಾರ ಬಂದ. ಎರಡು ಬಸ್ಸು ಬದಲಿಸಿ ಬರಬೇಕಿತ್ತು, ಮಂಡಿ ನೋವು. ಅಲ್ಲದೆ ಅಲ್ಲಿ ಅಳೆಯಲು ಏನೂ ಇರಲಿಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ಪ್ಲೊವ್ದಿವ್‌ನಲ್ಲಿದ್ದ ಮಗಳು ಅವನನ್ನು ಕರೆದುಕೊಂಡು ಹೋದಳು. ಸಂತ ಮಿನಾನ ದಿನಕ್ಕೆ ಎರಡು ವರ್ಷ ಅವನ ಕಾರ್ಡು ಬಂತು. ನಕ್ಷೆ ಬರೆಯುವವರ ಚೊಕ್ಕ ಕೈಬರಹ. ಮೂರನೆಯ ವರ್ಷ ಬರಲಿಲ್ಲ. ಅವಳು ಮಗಳ ವಿಳಾಸಕ್ಕೆ ಒಂದು ಕಾಗದ ಬರೆದಳು. ಉತ್ತರ ಬಾರದ ಮೇಲೆ ಇನ್ನೊಂದು ಬರೆಯಲಿಲ್ಲ. ಬರೆದರೆ ಉತ್ತರ ಬಂದುಬಿಡಬಹುದು, ಅದರಲ್ಲಿ ಏನಿರುತ್ತದೋ ಎಂದು ಹೆದರಿದಳು.

ಏಳನೇ ಮಹಡಿಯ ಆ ಮನೆ ಮೂರು ವರ್ಷ ಖಾಲಿ ಬಿದ್ದಿತ್ತು. ಅವಳ ಬಸ್ಸಿನ ದಾರಿಯಿಂದ ಅದರ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ಮೊದಲ ವರ್ಷ ನೋಡುತ್ತಿದ್ದಳು, ಆಮೇಲೆ ರಸ್ತೆ ನೋಡಿಕೊಂಡು ಹೋಗುವುದನ್ನು ಕಲಿತಳು. ಎರಡು ಸಾವಿರದ ಹದಿಮೂರರ ವಸಂತದಲ್ಲಿ ಒಂದು ದಿನ ಕೊನೆಯ ನಿಲ್ದಾಣದಲ್ಲಿ ಸಿಲ್ವಿಯಾ ಅವಳ ಬಸ್ಸಿನಿಂದಿಳಿದಳು. ಬ್ರೋಕರ್ ಕೆಲಸ ಬಿಟ್ಟು ಔಷಧಿ ಅಂಗಡಿ ಸೇರಿದ್ದಳು. ಕಿಟಕಿಯ ಬಳಿ ನಿಂತು, ವೆಲಿಚ್ಕೊನ ಮನೆ ಕಡೆಗೂ ಹೋಯಿತೆಂದು ಹೇಳಿದಳು. ಮೂವತ್ತೊಂದಕ್ಕೆ.

"ನೀವು ಹೇಳಿದ್ದಕ್ಕಿಂತ ಮೂರು ಕಮ್ಮಿ ಅಕ್ಕಾ," ಎಂದಳು. "ಈಗ ನೀವೂ ಎಲ್ಲಾದ್ರೂ ನೋಡ್ಬಹುದಲ್ಲ?"

ನೋಡಿದ್ದಳು. ಹೋದ ವರ್ಷ ಬ್ಯಾಂಕಿಗೆ ಹೋಗಿದ್ದಳು. ಐವತ್ತು ದಾಟಿದವರಿಗೆ ಅಷ್ಟು ದೀರ್ಘ ಗಡುವಿಗೆ ಕೊಡುವುದಿಲ್ಲವೆಂದು ಅಲ್ಲಿನ ಹುಡುಗಿ ಬಹಳ ವಿನಯದಿಂದ ಹೇಳಿ ಕಳಿಸಿದ್ದಳು. ಬೆಲೆ ಅವಳ ಕೈಗೆಟಕುವಷ್ಟು ಇಳಿಯುವ ಹೊತ್ತಿಗೆ ಅವಳ ವಯಸ್ಸು ಬ್ಯಾಂಕಿನ ಕೈಮೀರಿತ್ತು. ವೆಲಿಚ್ಕೊ ಹೇಗಿದ್ದಾನೆಂದು ಸಿಲ್ವಿಯಾಳನ್ನು ಕೇಳಿದಳು. ಕೆಫೆಗೆ ಬರುವುದನ್ನು ಬಿಟ್ಟಿದ್ದಾನಂತೆ. ಅದನ್ನು ಕೇಳಿ ತನಗೆ ಖುಷಿಯಾಗಬೇಕಿತ್ತು ಎಂದುಕೊಂಡಳು ಮಿಂಕಾ. ಆಗಲಿಲ್ಲ.

ಸಿಲ್ವಿಯಾ ಹೋದಳು. ಹೊರಡಲು ಇನ್ನೂ ಆರು ನಿಮಿಷವಿತ್ತು. ಖಾಲಿ ಬಸ್ಸಿನಲ್ಲಿ ಕೂತು ಮಿಂಕಾ ಬ್ರೆಡ್ಡು ಬಿಚ್ಚಿದಳು. ಒಬ್ಬ ಮುದುಕಿ ಚೀಲ ಹಿಡಿದು ಏದುಸಿರು ಬಿಡುತ್ತ ಹತ್ತಿ, ಇದು ಮಾರುಕಟ್ಟೆಗೆ ಹೋಗುತ್ತದೆಯೇ ಎಂದು ಕೇಳಿ, ಅವಳ ಹಿಂದಿನ ಸೀಟಿನಲ್ಲೇ ಕೂತಳು. ಕೂತವಳೇ ತನ್ನ ಸೊಂಟದ ನೋವಿನ ಕಥೆ ತೆಗೆದಳು. ಚಾಲಕರೊಡನೆ ಮಾತಾಡಕೂಡದೆಂಬ ಫಲಕ ಅವಳ ಕಣ್ಣೆದುರಿಗೇ ಇತ್ತು. ಮಿಂಕಾ ಸಾಮಾನ್ಯವಾಗಿ ಅದನ್ನು ಬೆರಳಿನಿಂದ ತೋರಿಸಿ ಸುಮ್ಮನಾಗುತ್ತಿದ್ದಳು. ಅಂದು ತೋರಿಸಲಿಲ್ಲ. ಹೊತ್ತಾದಾಗ ಬಾಗಿಲು ಮುಚ್ಚಿ ಬಸ್ಸು ಹೊರಡಿಸಿದಳು. ಮಾರುಕಟ್ಟೆ ಬರುವ ತನಕ ಹದಿನಾಲ್ಕು ನಿಲ್ದಾಣ ಆ ಮುದುಕಿ ಹೇಳುತ್ತ ಹೋದಳು, ಇವಳು ಕನ್ನಡಿಯಲ್ಲಿ ಆಗಾಗ ಅವಳ ಮುಖ ನೋಡುತ್ತ, ಹೂಂ, ಹೂಂ ಎನ್ನುತ್ತ ಹೋದಳು.